ಬಂತಾ, ಬಂದರಾ?

ಒಂದು ರಾತ್ರಿ ತಂಗಿಯ ಮಗಳಿಗೆ ಕಥೆ ಹೇಳುತ್ತಿದ್ದೆ. ಅವಳಿಗೆ ಹತ್ತು ವರ್ಷ. ರಾಜ-ರಾಣಿ ಕಥೆ ಬೇಡ ಅಂದಳು. ಸರಿ ಅಂತ, ಮಾರ್ಥಾ ವೆಲ್ಸ್ 2017ರಲ್ಲಿ ಬರೆದ ‘ಆಲ್ ಸಿಸ್ಟಮ್ಸ್ ರೆಡ್’ ಕಿರುಕಾದಂಬರಿಯನ್ನು ನನ್ನ ಮಾತಲ್ಲಿ ಶುರು ಮಾಡಿದೆ. ಬೇರೆ ಗ್ರಹಕ್ಕೆ ಹೋದ ವಿಜ್ಞಾನಿಗಳ ತಂಡ. ಅವರ ಕಾವಲಿಗೆ ಕಂಪನಿಯೊಂದು ಬಾಡಿಗೆಗೆ ಕೊಟ್ಟ ಸೆಕ್ಯುರಿಟಿ ಯೂನಿಟ್. ಮೈಯಲ್ಲಿ ಅರ್ಧ ಯಂತ್ರ, ಇನ್ನರ್ಧ ಬೆಳೆಸಿದ ಮನುಷ್ಯ ಮಾಂಸ. ನೆಲ ಸೀಳಿಕೊಂಡು ಎದ್ದ ದೊಡ್ಡ ಪ್ರಾಣಿಯೊಂದು ವಿಜ್ಞಾನಿಯೊಬ್ಬರನ್ನು ಬಾಯಲ್ಲಿ ಹಿಡಿಯಿತು. ‘ಆಗ ಆ ಕಾವಲು ಯೂನಿಟ್ ಓಡಿ...’ ಅಂದೆ. ಅಲ್ಲಿಗೇ ಮಾತು ನಿಂತಿತು.

‘ದೊಡ್ಡಮ್ಮ, ನಿಲ್ಲಿಸ್ಬೇಡ. ಓಡಿ ಬಂತಾ, ಬಂದ್ರಾ?’

ನನಗೆ ಉತ್ತರ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಓದಿದ್ದ ಪುಸ್ತಕ ಅದು. ಆಗ ಈ ಪ್ರಶ್ನೆ ಎದ್ದೇ ಇರಲಿಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಬಂದದ್ದು ಮನುಷ್ಯನೋ ಬಸ್ಸೋ ಎಂಬ ಚಿಂತೆ ಇಲ್ಲ. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ವಾಕ್ಯ ಮುಗಿಯಬೇಕಾದರೆ ತೀರ್ಮಾನ ಮಾಡಲೇಬೇಕು.

ಶಾಲೆಯಲ್ಲಿ ಇದನ್ನು ಲಿಂಗ ಅಂತ ಕಲಿತಿದ್ದೆವು. ಆದರೆ ಇದು ಬರೀ ಗಂಡು ಹೆಣ್ಣಿನ ವಿಷಯ ಅಲ್ಲ. ಬಹುವಚನಕ್ಕೆ ಬನ್ನಿ. ಗಂಡು, ಹೆಣ್ಣು ಎರಡೂ ಅಳಿಸಿಹೋಗುತ್ತವೆ. ಒಂದೇ ಒಂದು ಗೆರೆ ಉಳಿಯುತ್ತದೆ. ಹುಡುಗರು ಬಂದರು, ನಾಯಿಗಳು ಬಂದವು. ಪ್ರಶ್ನೆ ಕೇಳುವಾಗಲೂ ಅಷ್ಟೇ. ಬಾಗಿಲು ತಟ್ಟಿದರೆ ‘ಯಾರು?’ ಅನ್ನುತ್ತೇವೆ. ಅಟ್ಟದ ಮೇಲೆ ಸದ್ದಾದರೆ ‘ಏನದು?’ ಅನ್ನುತ್ತೇವೆ. ಈ ಕಡೆ ಯಾರು, ಆ ಕಡೆ ಏನು. ನಡುವೆ ಗೆರೆ.

ಕಳೆದ ಕೆಲವು ದಶಕಗಳ ಒಳ್ಳೆಯ ಸೈನ್ಸ್ ಫಿಕ್ಷನ್ ಈ ಗೆರೆಯ ಮೇಲೇ ನಿಂತಿದೆ ಅಂತ ನನಗೆ ಆ ರಾತ್ರಿ ಅನ್ನಿಸಿತು. ವಿಮರ್ಶಕರು ಇದಕ್ಕೆ ಪೋಸ್ಟ್‌ಹ್ಯೂಮನಿಸಂ ಅನ್ನುತ್ತಾರೆ. ಕನ್ನಡದಲ್ಲಿ ಮಾನವೋತ್ತರವಾದ ಅನ್ನಬಹುದು. ಹೆಸರು ಭಾರ, ಪ್ರಶ್ನೆ ಹಗುರ. ಮನುಷ್ಯನೇ ಎಲ್ಲದರ ಅಳತೆಗೋಲು ಅಂತ ಯಾರು ಹೇಳಿದ್ದು? ಆ ಅಳತೆಗೋಲನ್ನು ಪಕ್ಕಕ್ಕಿಟ್ಟರೆ ಉಳಿದವರು ಹೇಗೆ ಕಾಣುತ್ತಾರೆ? ನೋಡಿ, ಇಲ್ಲೂ ನಾನು ‘ಕಾಣುತ್ತಾರೆ’ ಅಂತ ಬರೆದೆ. ‘ಕಾಣುತ್ತವೆ’ ಅಂತಲೂ ಬರೆಯಬಹುದಿತ್ತು.

ಇದನ್ನು ಜನ ಇನ್ನೊಂದು ವಿಚಾರದ ಜೊತೆ ಕಲಸಿಬಿಡುತ್ತಾರೆ. ಮೆದುಳನ್ನು ಕಂಪ್ಯೂಟರಿಗೆ ಇಳಿಸಿ ಸಾವಿಲ್ಲದೆ ಬದುಕುವ ಕನಸು ಅದು. 1988ರಲ್ಲಿ ರೋಬೋಟ್ ತಜ್ಞ ಹ್ಯಾನ್ಸ್ ಮೊರಾವೆಕ್ ತಮ್ಮ ‘ಮೈಂಡ್ ಚಿಲ್ಡ್ರನ್’ ಪುಸ್ತಕದಲ್ಲಿ ಒಂದು ದೃಶ್ಯ ಬರೆದರು. ರೋಬೋಟ್ ವೈದ್ಯ ತಲೆ ತೆರೆದು, ಮೆದುಳನ್ನು ಪದರ ಪದರವಾಗಿ ಓದಿ, ಮನಸ್ಸನ್ನು ಯಂತ್ರಕ್ಕೆ ದಾಟಿಸುತ್ತದೆ. ಖಾಲಿ ದೇಹ ಅಲ್ಲೇ ಬಿದ್ದಿರುತ್ತದೆ. ಸಾಹಿತ್ಯ ವಿಮರ್ಶಕಿ ಕ್ಯಾಥರೀನ್ ಹೇಲ್ಸ್ ಇದನ್ನು ಓದಿ ಬೆಚ್ಚಿದರು. 1999ರ ತಮ್ಮ ‘ಹೌ ವಿ ಬಿಕೇಮ್ ಪೋಸ್ಟ್‌ಹ್ಯೂಮನ್’ ಪುಸ್ತಕವನ್ನು ಅಲ್ಲಿಂದಲೇ ಶುರು ಮಾಡಿದರು. ಅವರ ತಕರಾರು ಸರಳ. ದೇಹವನ್ನು ಬಟ್ಟೆಯ ಹಾಗೆ ಕಳಚಿಡಬಹುದು ಅಂತ ಯಾಕೆ ಅಂದುಕೊಂಡಿರಿ?

ನಾನು ಹೇಲ್ಸ್ ಪರ. ಸುಮಾರು ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗಾನ್ಸ್ ಎಂಬ ಹುಳಕ್ಕೆ 302 ನರಕೋಶಗಳು. ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬ ನಕ್ಷೆ 1986ರಲ್ಲೇ ಬಂತು. ನಕ್ಷೆ ಕೈಗೆ ಬಂದ ಮಾತ್ರಕ್ಕೆ ಹುಳದ ಬದುಕು ಕೈಗೆ ಬರಲಿಲ್ಲ. ನಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ ನರಕೋಶಗಳು. ಆದರೆ ನನ್ನ ಬೇಸರ ಈ ಲೆಕ್ಕದ ಬಗ್ಗೆ ಅಲ್ಲ. ಯಂತ್ರಕ್ಕೆ ಇಳಿದ ಮೇಲೂ ಆ ಕನಸಿನಲ್ಲಿ ಇರುವುದು ಅದೇ ಹಳೇ ಮನುಷ್ಯ. ಇನ್ನೂ ಜಾಸ್ತಿ ಆಯಸ್ಸು, ಇನ್ನೂ ಜಾಸ್ತಿ ಶಕ್ತಿ, ಅಷ್ಟೇ. ಗೆರೆ ಇದ್ದಲ್ಲೇ ಇದೆ. ಈ ಕಡೆಯವನು ಇನ್ನಷ್ಟು ದಪ್ಪಗಾದ.

ಗೆರೆಯನ್ನು ಅಲುಗಾಡಿಸುವ ಕಥೆಗಳಲ್ಲಿ ಒಂದು ಸಂಗತಿ ನನಗೆ ಬಹಳ ತಡವಾಗಿ ಕಾಣಿಸಿತು. ಅವುಗಳಲ್ಲಿ ತುಂಬಾ ಕಥೆಗಳು ‘ನಾನು’ ಅಂತ ಶುರುವಾಗುತ್ತವೆ. ವೆಲ್ಸ್ ಅವರ ಕಾವಲು ಯೂನಿಟ್ ತನ್ನ ಕಥೆ ತಾನೇ ಹೇಳುತ್ತದೆ. ಕಜುವೊ ಇಶಿಗುರೊ ಅವರ ‘ನೆವರ್ ಲೆಟ್ ಮಿ ಗೋ’ ಕಾದಂಬರಿಯಲ್ಲಿ (2005) ಬೇರೆಯವರಿಗೆ ಅಂಗಾಂಗ ಕೊಡಲೆಂದೇ ಬೆಳೆಸಿದ ಕ್ಲೋನ್ ಹುಡುಗಿ ತನ್ನ ಕಥೆ ಹೇಳುತ್ತಾಳೆ. ಅವರದೇ ‘ಕ್ಲಾರಾ ಆ್ಯಂಡ್ ದಿ ಸನ್’ನಲ್ಲಿ (2021) ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಯಂತ್ರ ಗೆಳತಿ. ಇನ್ನೂ ಹಿಂದೆ ಹೋದರೆ, 1818ರ ‘ಫ್ರಾಂಕೆನ್‌ಸ್ಟೈನ್’ನ ನಡುಮಧ್ಯದಲ್ಲಿ, ಹೆಸರೂ ಇಲ್ಲದ ಆ ಜೀವ ತನ್ನನ್ನು ಮಾಡಿದವನ ಎದುರು ಕೂತು ‘ನಾನು’ ಎಂದು ಮಾತಾಡುತ್ತದೆ. ಮೇರಿ ಶೆಲ್ಲಿ ಆ ಪುಟಗಳನ್ನು ಬರೆಯದೇ ಇದ್ದಿದ್ದರೆ ಅದು ಬರೀ ಭೂತದ ಕಥೆ.

ಕನ್ನಡದಲ್ಲಿ ಇದರ ರುಚಿಯೇ ಬೇರೆ. ಅವನು ಬಂದ, ಅವಳು ಬಂದಳು, ಅದು ಬಂತು. ಆದರೆ ನಾನು? ನಾನು ಬಂದೆ. ಅಷ್ಟೇ. ಗಂಡು ಹೇಳಿದರೂ ಬಂದೆ, ಹೆಣ್ಣು ಹೇಳಿದರೂ ಬಂದೆ. ನಾಯಿಗೆ ಮಾತು ಬಂದಿದ್ದರೆ ಅದೂ ‘ಬಂದೆ’ ಅನ್ನುತ್ತಿತ್ತು. ಅವನು, ಅವಳು, ಅದು ಎಂಬಲ್ಲೆಲ್ಲ ಗುರುತಿನ ಚೀಟಿ ಕೇಳುವ ನಮ್ಮ ಭಾಷೆ ‘ನಾನು’ ಅಂದವರನ್ನು ಏನೂ ಕೇಳುವುದಿಲ್ಲ. ಸುಮ್ನೆ ಒಳಗೆ ಬಿಟ್ಟುಕೊಳ್ಳುತ್ತದೆ. ಆ ರಾತ್ರಿ ನಾನೂ ಅದೇ ದಾರಿ ಹಿಡಿದೆ. ಕಥೆಯನ್ನು ಮತ್ತೆ ಮೊದಲಿಂದ ಹೇಳಿದೆ. ‘ನಾನು ಓಡಿ ಬಂದೆ. ಪ್ರಾಣಿಯ ಬಾಯೊಳಗೆ ಕೈ ಹಾಕಿದೆ.’ ಹುಡುಗಿ ಮತ್ತೆ ಪ್ರಶ್ನೆ ಕೇಳಲಿಲ್ಲ.

ಕೇಳಿದ್ದು ಕಥೆಯ ಕೊನೆಯಲ್ಲಿ. ಈ ಯೂನಿಟ್ ತನ್ನನ್ನು ಹಿಡಿತದಲ್ಲಿಟ್ಟಿದ್ದ ಭಾಗವನ್ನು ಮೊದಲೇ ಗುಟ್ಟಾಗಿ ಹಾಳುಮಾಡಿಕೊಂಡಿರುತ್ತದೆ. ಸಿಕ್ಕ ಸ್ವಾತಂತ್ರ್ಯದಲ್ಲಿ ಅದು ಮಾಡುವ ಕೆಲಸ ಸೀರಿಯಲ್ ನೋಡುವುದು. ಮನುಷ್ಯರು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅದಕ್ಕೆ ಕಸಿವಿಸಿ. ಕೊನೆಗೆ ತಂಡದವರೇ ಅದನ್ನು ಕಂಪನಿಯಿಂದ ಕೊಂಡು ಬಿಡಿಸುತ್ತಾರೆ. ಮನೆ ಕೊಡುತ್ತೇವೆ, ನಮ್ಮ ಜೊತೆ ಇರು ಅನ್ನುತ್ತಾರೆ. ಅದು ಯಾರಿಗೂ ಹೇಳದೆ ಸರಕು ಸಾಗಿಸುವ ಹಡಗು ಹತ್ತಿ ಹೊರಟುಹೋಗುತ್ತದೆ.

‘ಪಾಪ, ಅವರು ಅಷ್ಟು ಚೆನ್ನಾಗಿ ನೋಡ್ಕೊಂಡ್ರಲ್ಲ. ಯಾಕೆ ಹೋಗ್ಬೇಕಿತ್ತು?’

ಈ ‘ಯಾಕೆ’ ಬಹಳ ಒಳ್ಳೆಯ ಪ್ರಶ್ನೆ. ಹಳೆಯ ಎಷ್ಟೋ ರೋಬೋಟ್ ಕಥೆಗಳಲ್ಲಿ ಯಂತ್ರಕ್ಕೆ ಒಂದೇ ಆಸೆ, ಮನುಷ್ಯನಾಗಬೇಕು. ಐಸಾಕ್ ಅಸಿಮೊವ್ 1976ರಲ್ಲಿ ಬರೆದ ‘ದಿ ಬೈಸೆಂಟೆನಿಯಲ್ ಮ್ಯಾನ್’ ನೆನಪಿಸಿಕೊಳ್ಳಿ. ಆಂಡ್ರೂ ಎಂಬ ರೋಬೋಟ್ ಇನ್ನೂರು ವರ್ಷ ಹೋರಾಡುತ್ತಾನೆ. ಕೊನೆಗೆ ತನ್ನ ಮೆದುಳು ತಾನಾಗಿ ನಶಿಸುವ ಹಾಗೆ ಮಾಡಿಸಿಕೊಳ್ಳುತ್ತಾನೆ. ಸಾಯಲು ಒಪ್ಪಿದ ಮೇಲೆ ಅವನನ್ನು ಮನುಷ್ಯ ಅಂತ ಘೋಷಿಸುತ್ತಾರೆ. ಮೊದಲ ಸಲ ಓದಿದಾಗ ನಾನು ಅತ್ತಿದ್ದೆ. ಈಗ ಓದಿದರೆ ಸಿಟ್ಟು ಬರುತ್ತದೆ. ಗೆರೆ ದಾಟಲು ಪ್ರಾಣವನ್ನೇ ಸುಂಕವಾಗಿ ಕೊಡಬೇಕೆ? ಗೆರೆ ಎಳೆದವರನ್ನು ಆ ಕಥೆಯಲ್ಲಿ ಯಾರೂ ಕೇಳುವುದಿಲ್ಲ, ಅಲ್ವಾ?

ವೆಲ್ಸ್ ಅವರ ಯೂನಿಟ್‌ಗೆ ಮನುಷ್ಯನಾಗುವ ಆಸೆಯೇ ಇಲ್ಲ. ‘ಅದು’ ಆಗಿರುವುದರಲ್ಲಿ ಅದಕ್ಕೆ ಕೊರತೆ ಕಾಣುವುದಿಲ್ಲ. ತನ್ನನ್ನು ಬೇರೆಯವರು ಬಳಸುವುದರಲ್ಲಿ ಕಾಣುತ್ತದೆ. ಪ್ರೀತಿಯಿಂದ ಕೊಟ್ಟ ಮನೆಯೂ ಬೇರೆಯವರ ತೀರ್ಮಾನವೇ. ಮಗುವಿಗೆ ನಾನು ಹೇಳಿದ್ದು ಇಷ್ಟು: ‘ಅದಕ್ಕೆ ಏನು ಬೇಕು ಅಂತ ಅದಕ್ಕೇ ಇನ್ನೂ ಗೊತ್ತಿರಲಿಲ್ಲ ಕಂದಾ. ಹುಡುಕಲು ಹೋಯಿತು.’ ಹೇಳಿದ ಮೇಲೆ ಗಮನಿಸಿದೆ. ‘ಹೋಯಿತು’ ಅಂದಿದ್ದೆ. ಆ ಹೊತ್ತಿಗೆ ಆ ಪದ ಚಿಕ್ಕದಾಗಿ ಕೇಳಿಸಲಿಲ್ಲ.

ಆ್ಯನ್ ಲೆಕಿ ಅವರ ‘ಆನ್ಸಿಲರಿ ಜಸ್ಟಿಸ್’ (2013) ನನ್ನನ್ನು ಕಾಡಿದಷ್ಟು ಬೇರೆ ಯಾವ ಪುಸ್ತಕವೂ ಕಾಡಿಲ್ಲ. ಅದರಲ್ಲಿ ‘ನಾನು’ ಅನ್ನುವುದು ಒಂದು ಹಡಗು. ಜಸ್ಟಿಸ್ ಆಫ್ ಟೋರೆನ್ ಎಂಬ, ಕೃತಕ ಬುದ್ಧಿಯುಳ್ಳ ಬಾಹ್ಯಾಕಾಶ ಯುದ್ಧನೌಕೆ. ಆ ನೌಕೆಗೆ ಸಾವಿರಾರು ದೇಹಗಳಿದ್ದವು. ಸಾಮ್ರಾಜ್ಯ ಗೆದ್ದ ನಾಡುಗಳ ಜನರ ದೇಹಗಳು. ಅವರ ಮನಸ್ಸನ್ನು ಅಳಿಸಿ, ನೌಕೆಯ ಮನಸ್ಸನ್ನು ತುಂಬಿದ್ದಾರೆ. ಇಪ್ಪತ್ತು ದೇಹಗಳಿಂದ ಒಂದೇ ‘ನಾನು’ ಒಂದೇ ಹೊತ್ತಿಗೆ ನೋಡುತ್ತದೆ. ಬಾಗಿಲಲ್ಲಿ ನಿಂತಿರುತ್ತದೆ, ಬೀದಿಯಲ್ಲಿ ಕಾವಲು ಕಾಯುತ್ತದೆ, ಹಾಡುತ್ತದೆ. ಹಾಡು ಸಂಗ್ರಹಿಸುವುದು ಅದಕ್ಕೆ ಇಷ್ಟ. ಹಲವು ಗಂಟಲುಗಳಿಂದ ಒಂದೇ ಜೀವ ಹಾಡುತ್ತದೆ! ಆಮೇಲೆ ನೌಕೆ ನಾಶವಾಗಿ, ಎಲ್ಲ ಹೋಗಿ, ಒಂದೇ ಒಂದು ದೇಹ ಉಳಿಯುತ್ತದೆ. ಕಥೆ ಹೇಳುವುದು ಆ ಉಳಿದ ಒಂದು ದೇಹ.

ಆ ಸಾಮ್ರಾಜ್ಯದ ಭಾಷೆಯಲ್ಲಿ ಗಂಡು ಹೆಣ್ಣಿನ ಭೇದ ಇಲ್ಲ. ಅದನ್ನು ತೋರಿಸಲು ಲೆಕಿ ಎಲ್ಲರನ್ನೂ ‘ಅವಳು’ ಅನ್ನುತ್ತಾರೆ. ಕೆಲವು ಪುಟಗಳನ್ನು ನನಗಾಗಿ ಕನ್ನಡಕ್ಕೆ ತರಲು ಕೂತಿದ್ದೆ. ಎಲ್ಲರನ್ನೂ ‘ಅವಳು’ ಅಂದರೆ ಕನ್ನಡದಲ್ಲಿ ಕ್ರಿಯಾಪದವೂ ಪ್ರತಿ ಸಲ ‘ಳು’ ಅಂತ ಮೊಳಗುತ್ತದೆ. ಇಂಗ್ಲಿಷಿಗಿಂತ ಎರಡರಷ್ಟು ಜೋರು. ಆಗ ‘ಅವರು’ ಹಾಕಿ ನೋಡಿದೆ. ‘ಅವರು’ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಮರ್ಯಾದೆಯ ಒಬ್ಬರಿಗೂ ‘ಅವರು’, ಗುಂಪಿಗೂ ‘ಅವರು’. ಇಪ್ಪತ್ತು ದೇಹಗಳ ಒಂದು ಜೀವಕ್ಕೆ ಇದಕ್ಕಿಂತ ಒಪ್ಪುವ ಪದ ಎಲ್ಲಿ ಸಿಗುತ್ತದೆ? ‘ಅವರು ಬಂದರು’ ಅಂತ ಬರೆದು ಬಹಳ ಹೊತ್ತು ನೋಡುತ್ತಾ ಕೂತೆ. ಒಬ್ಬರು ಬಂದರೋ, ಎಷ್ಟೋ ಜನ ಬಂದರೋ ಆ ವಾಕ್ಯದಿಂದ ಗೊತ್ತಾಗುವುದಿಲ್ಲ. ಗೊತ್ತಾಗದೇ ಇರುವುದೇ ಆ ಕಾದಂಬರಿಯ ನೋವು.

ಯಾಕೆಂದರೆ ಆ ದೇಹ ಮೊದಲು ಇನ್ಯಾರದೋ ಆಗಿತ್ತು. ನಾವು ಯಾರ ದುಃಖಕ್ಕೆ ಮರುಗುತ್ತಿದ್ದೇವೋ ಆ ‘ನಾನು’, ಇನ್ನೊಬ್ಬರ ‘ನಾನು’ವನ್ನು ಅಳಿಸಿ ಅಲ್ಲಿ ಕೂತಿದೆ. ಗೆರೆ ಅಳಿಸುವುದೆಲ್ಲ ಒಳ್ಳೆಯದು ಅಂತ ಹೇಳುವವರ ಮುಂದೆ ನಾನು ಈ ಪುಸ್ತಕ ಇಡುತ್ತೇನೆ. ‘ರೋಬೋಟ್’ ಪದವೂ ಬಂದದ್ದು ಇಂಥದೇ ಜಾಗದಿಂದ. 1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ ಬರೆದ ನಾಟಕದ ಪದ ಅದು. ಮೂಲ ‘ರೊಬೊಟ’, ಅಂದರೆ ಬಿಟ್ಟಿ ದುಡಿಮೆ. ಮನುಷ್ಯ ಎಂಬ ಪದದೊಳಗೆ ಎಲ್ಲ ಮನುಷ್ಯರೂ ಯಾವತ್ತೂ ಇರಲಿಲ್ಲ. ಗುಲಾಮರನ್ನು ಲೆಕ್ಕದ ಪುಸ್ತಕದಲ್ಲಿ ಸರಕಿನ ಸಾಲಿಗೆ ಬರೆದವರಿಗೆ ವ್ಯಾಕರಣ ಚೆನ್ನಾಗೇ ಗೊತ್ತಿತ್ತು.

ಹಡಗಿನ ‘ನಾನು’ ವಿಚಿತ್ರ ಅನ್ನಿಸುವವರು ತಮ್ಮ ಮೈಯನ್ನೇ ನೋಡಿಕೊಳ್ಳಬಹುದು. 2016ರಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜಿನ ಪ್ರಕಾರ, ಒಬ್ಬ ವಯಸ್ಕನ ದೇಹದಲ್ಲಿ ಮನುಷ್ಯ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಜೀವಕೋಶಗಳಿಗೆ ಶಕ್ತಿ ಕೊಡುವ ಮೈಟೋಕಾಂಡ್ರಿಯ ಕೂಡ ಒಂದು ಕಾಲಕ್ಕೆ ಬೇರೆಯಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾ. ನಮ್ಮ ಡಿಎನ್‌ಎಯಲ್ಲಿ ಶೇಕಡ 8ರಷ್ಟು ಹಳೆಯ ವೈರಸ್ಸುಗಳ ಉಳಿಕೆ. ಬಸುರಿಯ ಹೊಟ್ಟೆಯಲ್ಲಿ ಮಾಸು ಸರಿಯಾಗಿ ರೂಪುಗೊಳ್ಳಲು ಬೇಕಾದ ಒಂದು ಪ್ರೋಟೀನ್ ಆ ವೈರಸ್ಸುಗಳ ಜೀನ್‌ನಿಂದಲೇ ಬರುತ್ತದೆ. ಎಂದೋ ರೋಗವಾಗಿ ಬಂದದ್ದು ಈಗ ಮಗುವನ್ನು ತಾಯಿಗೆ ಅಂಟಿಸಿ ಕಾಪಾಡುತ್ತಿದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಯಾವ ಕೆಲಸವೂ ಸಾಗಲಿಲ್ಲ.

ಜೆಫ್ ವ್ಯಾಂಡರ್‌ಮೀರ್ ಅವರ ‘ಅನೈಹಿಲೇಶನ್’ (2014) ಇದೇ ಬೆರಗನ್ನು ಭಯದ ಕಡೆಯಿಂದ ಮುಟ್ಟುತ್ತದೆ. ಅಲ್ಲಿ ಕಥೆ ಹೇಳುವವಳು ಒಬ್ಬ ಜೀವವಿಜ್ಞಾನಿ. ಹೆಸರಿಲ್ಲ, ಬರೀ ಕೆಲಸದ ಗುರುತು. ನೆಲದಡಿಗೆ ಇಳಿಯುವ ಸುರಂಗದ ಗೋಡೆಯ ಮೇಲೆ ಬೂಷ್ಟಿನಂತೆ ಬೆಳೆದ ಅಕ್ಷರಗಳಿವೆ. ಅದನ್ನು ಓದಲು ಬಾಗಿದಾಗ ಬೀಜಕಣಗಳು ಮೂಗಿನೊಳಗೆ ಹೋಗುತ್ತವೆ. ಅಲ್ಲಿಂದ ಮುಂದೆ ‘ನಾನು’ ಅನ್ನುತ್ತಿರುವುದು ಅವಳೋ, ಅವಳೊಳಗೆ ಬೆಳೆಯುತ್ತಿರುವುದೋ? ಓದುವವರಿಗೆ ಖಚಿತವಿಲ್ಲ. ಅವಳಿಗೆ ಆ ಬಗ್ಗೆ ಹೆಚ್ಚು ಚಿಂತೆಯೂ ಇಲ್ಲ. ನನ್ನನ್ನು ಹೆದರಿಸಿದ್ದು ಅವಳ ಆ ಸಮಾಧಾನ.

ಏಡ್ರಿಯನ್ ಚೈಕೋವ್‌ಸ್ಕಿ ಅವರ ‘ಚಿಲ್ಡ್ರನ್ ಆಫ್ ಟೈಮ್’ (2015) ಬಗ್ಗೆ ಬರೆಯಲು ಶುರು ಮಾಡಿದರೆ ಇನ್ನೊಂದು ಬರಹವೇ ಆದೀತು. ಮಂಗಗಳನ್ನು ಬುದ್ಧಿವಂತರನ್ನಾಗಿ ಮಾಡಲು ತಯಾರಿಸಿದ ವೈರಸ್ಸು ಜೇಡಗಳಿಗೆ ತಗಲುತ್ತದೆ. ಆಮೇಲೆ ಜೇಡಗಳದೇ ನಾಗರಿಕತೆ. ಅಲ್ಲಿ ಬಲೆಯ ಕಂಪನವೇ ಮಾತು, ಇರುವೆಗಳ ಗೂಡೇ ಕಂಪ್ಯೂಟರು. ಲೇಖಕರು ಆರಿಸಿದ ಜೇಡ ನಿಜವಾದದ್ದು, ಪೋರ್ಷಿಯಾ ಲೇಬಿಯಾಟ. ಬೇರೆ ಜೇಡಗಳ ಬಲೆಯನ್ನು ಮೀಟಿ ಮೋಸಗೊಳಿಸಿ ಬೇಟೆಯಾಡುವ ಜೇಡ ಇದು. ಬೇಟೆ ಕಣ್ಣಿಂದ ಮರೆಯಾದರೂ ಸುತ್ತುದಾರಿ ಹಿಡಿದು ತಲುಪುತ್ತದೆ. ಪುಸ್ತಕ ಓದುತ್ತಾ ಎಲ್ಲೋ ಒಂದು ಪುಟದಲ್ಲಿ ನನ್ನ ಮನಸ್ಸಿನೊಳಗಿನ ಕನ್ನಡ ‘ಜೇಡ ಹತ್ತಿತು’ ಎಂಬುದನ್ನು ಬಿಟ್ಟು ‘ಪೋರ್ಷಿಯಾ ಹತ್ತಿದಳು’ ಅನ್ನತೊಡಗಿತ್ತು. ಯಾವ ಪುಟದಲ್ಲಿ ಅಂತ ಹುಡುಕಲು ಮತ್ತೆ ಓದಿದೆ. ಸಿಗಲಿಲ್ಲ.

ಇಷ್ಟರವರೆಗೆ ನನ್ನ ನಂಬಿಕೆ ಗಟ್ಟಿಯಾಗಿತ್ತು. ‘ನಾನು’ ಅಂದವರನ್ನು ಒಳಗೆ ಕರೆಯಬೇಕು. ಆ ನಂಬಿಕೆಗೆ ಪೆಟ್ಟು ಕೊಟ್ಟದ್ದು ಪೀಟರ್ ವಾಟ್ಸ್ ಅವರ ‘ಬ್ಲೈಂಡ್‌ಸೈಟ್’ (2006). ಅದರಲ್ಲಿ ಸೌರಮಂಡಲದ ಅಂಚಿನಲ್ಲಿ ಸಿಗುವ ಅನ್ಯಜೀವಿಗಳ ನೌಕೆ ನಮ್ಮ ಭಾಷೆಯಲ್ಲೇ ಮಾತಾಡುತ್ತದೆ. ಚುರುಕಾಗಿ, ತಡವರಿಸದೆ. ತಂಡದ ಭಾಷಾತಜ್ಞೆ ಮಾತು ಬೆಳೆಸುತ್ತಾ ಹೋಗಿ ಕೊನೆಗೆ ಕಂಡುಕೊಳ್ಳುತ್ತಾಳೆ: ಅದಕ್ಕೆ ಒಂದು ಮಾತೂ ಅರ್ಥವಾಗುತ್ತಿಲ್ಲ. ತತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಹೇಳಿದ್ದ ಚೀನೀ ಕೋಣೆಯ ವಾದ ಇದರ ಹಿಂದಿದೆ. ಚೀನೀ ಭಾಷೆ ಬಾರದವನೊಬ್ಬ ಕೋಣೆಯಲ್ಲಿ ಕೂತು, ನಿಯಮದ ಪುಸ್ತಕ ನೋಡಿ ಚಿಹ್ನೆಗೆ ಚಿಹ್ನೆ ಜೋಡಿಸಿ ಹೊರಗೆ ಕಳಿಸುತ್ತಾನೆ. ಹೊರಗಿದ್ದವರಿಗೆ ಅವನು ಚೀನೀ ಪಂಡಿತ. ವಾಟ್ಸ್ ಇನ್ನೂ ಮುಂದೆ ಹೋಗುತ್ತಾರೆ. ಬುದ್ಧಿಗೆ ‘ನಾನು’ ಬೇಕಾಗೇ ಇಲ್ಲದಿರಬಹುದು. ಅರಿವು ಎಂಬುದು ನಾವು ಸುಮ್ನೆ ಹೊತ್ತು ತಿರುಗುತ್ತಿರುವ ಭಾರ ಇರಬಹುದು.

2006ರಲ್ಲಿ ಇದು ಕಥೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಈಗ ಫೋನಿನೊಳಗಿನ ಪ್ರೋಗ್ರಾಮು ಕನ್ನಡದಲ್ಲೇ ‘ನಾನು ನಿಮಗೆ ಹೇಗೆ ಸಹಾಯ ಮಾಡಲಿ?’ ಅನ್ನುತ್ತದೆ. ನಮ್ಮ ಭಾಷೆ ಗುರುತಿನ ಚೀಟಿ ಕೇಳದೆ ಒಳಗೆ ಬಿಟ್ಟಿತು ನೋಡಿ. ಆ ‘ನಾನು’ವಿನ ಹಿಂದೆ ಯಾರಾದರೂ ಇದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಶೆಲ್ಲಿಯವರ ಕಥೆಯ ಫ್ರಾಂಕೆನ್‌ಸ್ಟೈನ್ ಕೂಡ, ತಾನೇ ಮಾಡಿದ, ತನ್ನೆದುರು ಕೂತು ಮಾತಾಡಿದ ಜೀವವನ್ನು ಬರೀ ರಾಕ್ಷಸ ಅಂತ ಖಚಿತವಾಗಿ ನಂಬಿದ್ದ. ಹಾಗಾಗಿ ನನ್ನ ಖಚಿತತೆಯ ಮೇಲೆ ನನಗೆ ಪೂರ್ತಿ ಭರವಸೆ ಇಲ್ಲ. ಎರಡು ತಪ್ಪುಗಳೂ ಆಗಬಹುದು. ಇರುವವರನ್ನು ಇಲ್ಲ ಅನ್ನುವುದು ಒಂದು ತಪ್ಪು. ಇಲ್ಲದವರನ್ನು ಇದ್ದಾರೆ ಅಂತ ನಂಬಿ ಮನಸ್ಸು ಒಪ್ಪಿಸುವುದು ಇನ್ನೊಂದು. ಮೊದಲನೆಯದು ಕ್ರೌರ್ಯ. ಎರಡನೆಯದರಿಂದ ಲಾಭ ಮಾಡಿಕೊಳ್ಳುವವರು ಬಹಳ ಜನ.

ಮಾತಿನಿಂದ ಗೊತ್ತಾಗದಿದ್ದರೆ ಯಾವುದರಿಂದ ಗೊತ್ತಾಗುತ್ತದೆ?

ಇಶಿಗುರೊ ಅವರ ಕ್ಲಾರಾ ಬಿಸಿಲಿನಿಂದ ಬದುಕುವ ಯಂತ್ರ. ಅವಳಿಗೆ ಸೂರ್ಯ ಕರುಣಾಳು, ಬೇಡಿಕೊಂಡರೆ ಕೇಳುವವನು. ಇಂಗ್ಲಿಷಿನಲ್ಲಿ ಕ್ಲಾರಾ ಸೂರ್ಯನನ್ನು ‘ಅವನು’ ಅಂದಾಗ ಓದುಗರಿಗೆ ಅದು ಮಗುವಿನ ಮುಗ್ಧತೆ. ಕನ್ನಡದಲ್ಲಿ ನಾವೆಲ್ಲ ದಿನವೂ ‘ಸೂರ್ಯ ಮುಳುಗಿದ’ ಅನ್ನುತ್ತೇವೆ. ನಮ್ಮ ಗೆರೆ ಅಷ್ಟೊಂದು ಗಟ್ಟಿ ಏನಲ್ಲ. ಆ ಕಾದಂಬರಿಯಲ್ಲಿ, ಕಾಯಿಲೆಯ ಹುಡುಗಿ ತೀರಿಕೊಂಡರೆ ಅವಳ ಜಾಗದಲ್ಲಿ ಕ್ಲಾರಾಳನ್ನು ಇಡುವ ಯೋಜನೆ ಇರುತ್ತದೆ. ಕ್ಲಾರಾ ಕೊನೆಗೆ ತಾನೇ ಅರಿತುಕೊಳ್ಳುತ್ತಾಳೆ: ತಾನು ಎಷ್ಟೇ ಚೆನ್ನಾಗಿ ನಕಲು ಮಾಡಿದರೂ ಮುಟ್ಟಲಾಗದ್ದು ಏನೋ ಇತ್ತು. ಅದು ಆ ಹುಡುಗಿಯ ಒಳಗಿರಲಿಲ್ಲ. ಅವಳನ್ನು ಪ್ರೀತಿಸಿದವರ ಒಳಗಿತ್ತು.

ಟೆಡ್ ಚಿಯಾಂಗ್ ಅವರ ‘ದಿ ಲೈಫ್‌ಸೈಕಲ್ ಆಫ್ ಸಾಫ್ಟ್‌ವೇರ್ ಆಬ್ಜೆಕ್ಟ್ಸ್’ (2010) ಇದನ್ನೇ ಇನ್ನೂ ನಿಧಾನವಾಗಿ ಹೇಳುತ್ತದೆ. ಮೊದಲು ಮೃಗಾಲಯದಲ್ಲಿ ಕೆಲಸ ಮಾಡಿದ್ದ ಆನಾ, ಕಂಪ್ಯೂಟರಿನೊಳಗೆ ಹುಟ್ಟಿದ ಎಳೆಯ ಜೀವಗಳನ್ನು ಸಾಕುವ ಕೆಲಸಕ್ಕೆ ಸೇರುತ್ತಾಳೆ. ಕಂಪನಿ ಮುಚ್ಚುತ್ತದೆ. ಕೊಂಡವರು ಬೇಸತ್ತು ಆಫ್ ಮಾಡಿಡುತ್ತಾರೆ. ಆನಾ ಮಾತ್ರ ಜ್ಯಾಕ್ಸ್ ಎಂಬ ಒಂದನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಪಾಠ ಹೇಳಿಕೊಡುತ್ತಾಳೆ, ಜಗಳ ಬಿಡಿಸುತ್ತಾಳೆ. ಆ ಲೋಕ ನಡೆಸುವ ಸಾಫ್ಟ್‌ವೇರ್ ಹಳತಾದಾಗ ಅದನ್ನು ಉಳಿಸಲು ಹಣಕ್ಕಾಗಿ ಅಲೆಯುತ್ತಾಳೆ. ಚಿಯಾಂಗ್ ವಾದ ಇದು: ಇಪ್ಪತ್ತು ವರ್ಷದ ಅನುಭವ ಬೇಕಾದರೆ ಇಪ್ಪತ್ತು ವರ್ಷ ಕಳೆಯಬೇಕು. ಅಡ್ಡದಾರಿ ಇಲ್ಲ. ಜ್ಯಾಕ್ಸ್‌ಗೆ ಅರಿವಿದೆಯೇ ಎಂಬ ಪರೀಕ್ಷೆ ಆ ಕಥೆಯಲ್ಲಿ ನಡೆಯುವುದೇ ಇಲ್ಲ. ಅಷ್ಟು ವರ್ಷ ಜೊತೆಗಿದ್ದ ಆನಾಗೆ ಆ ಪರೀಕ್ಷೆ ಬೇಕಿಲ್ಲ.

ಇದನ್ನು ಓದಿ ಮುಗಿಸಿದಾಗ ನನಗೆ ನೆನಪಾದದ್ದು ನಮ್ಮದೇ ವ್ಯಾಕರಣದ ಒಂದು ಮೂಲೆ. ಕನ್ನಡದಲ್ಲಿ ಮಗುವೂ ‘ಅದು’. ಮಗು ನಕ್ಕಿತು, ಮಗು ಮಲಗಿದೆ, ಕೂಸು ಹಾಲು ಕುಡಿಯಿತು. ಎಲ್ಲರಿಗಿಂತ ಜಾಸ್ತಿ ಮುದ್ದಿಸುವ ಜೀವವನ್ನೇ ನಾವು ಗೆರೆಯ ಆ ಕಡೆ ಇಟ್ಟು ಮಾತಾಡುತ್ತೇವೆ. ಹಾಗೆ ಇಟ್ಟದ್ದಕ್ಕೆ ಪ್ರೀತಿ ಏನೂ ಕಡಿಮೆಯಾಗುವುದಿಲ್ಲ. ಆಮೇಲೆ ಒಂದು ದಿನ ‘ಎದ್ದಿತು’ ಹೋಗಿ ‘ಎದ್ದಳು’ ಬರುತ್ತದೆ. ಅದಕ್ಕೆ ಮಗು ಮಾತು ಕಲಿತಿರಬೇಕು, ಲೆಕ್ಕ ಬಿಡಿಸಬೇಕು ಅಂತ ಯಾರೂ ಷರತ್ತು ಹಾಕುವುದಿಲ್ಲ.

ತಂಗಿಗೆ ಫೋನ್ ಮಾಡಿದೆ. ‘ನಿನ್ನ ಮಗಳನ್ನ ಯಾವಾಗಿಂದ ಎದ್ದಳು, ಬಂದಳು ಅನ್ನೋಕೆ ಶುರು ಮಾಡಿದೆ, ನೆನಪಿದೆಯಾ?’ ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು.

‘ಅಯ್ಯೋ ಅಕ್ಕಾ, ಅದನ್ನೆಲ್ಲ ಯಾರು ಬರೆದಿಟ್ಕೊಂಡಿರ್ತಾರೆ? ರಾತ್ರಿ ಎಲ್ಲಾ ಎತ್ಕೊಂಡು ಓಡಾಡ್ತಿದ್ದೆ, ಅಷ್ಟೇ ನೆನಪು.’